ಅಪ್ಪನ ಪೆನ್ನಿಗೆ ಹೊಸ ನಿಬ್ಬು ಹಾಕಿಸಿದ್ದೇನೆ



ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ. ಒಂದು ಪೆನ್ನಿನ ವಿಷಯ. "ಊರಿಗೆ ನೂರೆಂಟು ತಾಪತ್ರಯ, ಇವನಿಗೆ ಪೆನ್ನಿನ ಚಿಂತೆ" ಅನ್ನೋರು ಪೂರ್ತಿ ಓದಿ ಆಮೇಲೆ ಬೈಯಿರಿ. ಬೈಸಿಕೊಳ್ಳೋಕೆ ತಯಾರಿದ್ದೇನೆ, ಆಗಲೇ ಮೂವರು ಫೋನ್ ಮಾಡಿ ಬೈದಾಗಿದೆ.

ಅಪ್ಪ ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಅವರ ಟ್ರಂಕಿನಲ್ಲಿ ಒಂದು ಕಪ್ಪು ಇಂಕ್ ಪೆನ್ನು ಇತ್ತು. ಕೋಗಿಲಬನ, ಹಳೇ ದಾಂಡೇಲಿ, ಅಂಬೇವಾಡಿ ಕಡೆಯ ನಮ್ಮ ಕೇರಿಗಳ ಹಿರಿಯರಿಗೆ ಆ ಪೆನ್ನು ಗೊತ್ತು. ಅಪ್ಪ ನಮ್ಮ ಓಣಿಯಲ್ಲಿ ಮುಲ್ಕಿ ಪಾಸಾದ ಮೊದಲಿಗರು. ಹಗಲು ಕಟ್ಟಿಗೆ ಡಿಪೋದಲ್ಲಿ ಹಮಾಲಿ, ಸಂಜೆ ಕಂದೀಲಿನ ಮುಂದೆ ಅರ್ಜಿ. ರೇಷನ್ ಕಾರ್ಡಿಗೆ ಅರ್ಜಿ, ವಿಧವಾ ವೇತನಕ್ಕೆ ಅರ್ಜಿ, ಹೆಣ ಹೂಳೋಕೆ ಜಾಗ ಕೊಡಿ ಅಂತ ಅರ್ಜಿ, ಬಾವಿಗೆ ಕೊಡ ಇಳಿಸೋಕೆ ಬಿಡ್ತಿಲ್ಲ ಅಂತ ತಕರಾರು. ದುಡ್ಡು ತಗೋತಿರಲಿಲ್ಲ. ಇಂಕಿಗೆ ಇರಲಿ ಅಂತ ಯಾರಾದರೂ ನಾಲ್ಕಾಣೆ ಕೊಟ್ಟರೆ ಮಾತ್ರ ಇಸ್ಕೋತಿದ್ದರು.

ಈಗ ನಮ್ಮ ಸಮುದಾಯ ಭವನದಲ್ಲಿ ಒಂದು ಗಾಜಿನ ಕಪಾಟು ಮಾಡಿಸಿದ್ದಾರೆ. ಹೋರಾಟದ ಹಿರಿಯರ ವಸ್ತುಗಳನ್ನ ಇಡೋಕೆ. ಹುಡುಗರು ಬಂದು "ಅಣ್ಣಾ, ಅಪ್ಪಾರ ಪೆನ್ನು ಕೊಡ್ರಿ, ಏಪ್ರಿಲ್ 14ಕ್ಕೆ ಅದಕ್ಕ ಹಾರ ಹಾಕಿ ಇಡೂಣು" ಅಂದರು. ಅವರ ಪ್ರೀತಿ ದೊಡ್ಡದು. ಆದ್ರೆ ಅಷ್ಟರಲ್ಲಿ ನಾನು ಪೆನ್ನನ್ನ ರಿಪೇರಿಗೆ ಕೊಟ್ಟಿದ್ದೆ. ನಿಬ್ಬು ಹೊಸದು, ಕ್ಲಿಪ್ಪು ಬೇರೆ ಪೆನ್ನಿಂದು ಅಂತ ಗೊತ್ತಾದ ಮೇಲೆ ಒಬ್ಬ ಹುಡುಗ ಕೇಳಿದ: "ಹಂಗಾರ ಅದು ಈಗ ಅಪ್ಪಾರ ಪೆನ್ನ ಹೆಂಗ ಆಗ್ತದ ಅಣ್ಣಾ?"

ಒಳ್ಳೇ ಪ್ರಶ್ನೆ. ಅಲ್ಲೇ ಉತ್ತರ ಕೊಡೋಕೆ ಆಗಲಿಲ್ಲ. ಈಗ ಬರೀತಿದ್ದೇನೆ.

ಮೊದಲು ಪೆನ್ನು ಎಂಥದು ಅಂತ ಹೇಳ್ತೀನಿ. ಕಂಪನಿ ಹೆಸರಿಲ್ಲ. ಇದ್ದಿದ್ದರೂ ಸವೆದು ಹೋಗಿದೆ. ಎಬೊನೈಟ್‌ನ ಪೆನ್ನು, ಅಂದ್ರೆ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಕಟ್ಟಿಗೆಯಷ್ಟು ಗಟ್ಟಿ ಮಾಡಿದ ವಸ್ತು. ಅದರ ಕೋಲನ್ನ ಲೇತಿನ ಮೇಲೆ ಇಟ್ಟು ಕೈಯಲ್ಲಿ ಕಡೆದು ಮಾಡಿದ್ದು. ಬಟ್ಟೆಯಿಂದ ಜೋರಾಗಿ ಉಜ್ಜಿದರೆ ಇವತ್ತಿಗೂ ಗಂಧಕದ ವಾಸನೆ ಬರ್ತದೆ. ಬಿಸಿಲು ಬಿದ್ದ ಎಬೊನೈಟ್ ಕಪ್ಪು ಬಿಟ್ಟು ಕಂದು ಬಣ್ಣಕ್ಕೆ ತಿರುಗ್ತದೆ. ಹಾಗಾಗಿ ಅಪ್ಪನ ಜೇಬಿಂದ ಹೊರಗೆ ಇಣುಕುತ್ತಿದ್ದ ಕ್ಯಾಪಿನ ತುದಿ ಕಂದು, ಜೇಬಿನೊಳಗೆ ಇರ್ತಿದ್ದ ಭಾಗ ಇನ್ನೂ ಕಪ್ಪು. ಒಳಗೆ ರಬ್ಬರ್ ಟ್ಯೂಬು ಇಲ್ಲ, ಪಿಸ್ಟನ್ ಇಲ್ಲ. ತಿರುಗಿಸಿ ಬಿಚ್ಚಿ ಡ್ರಾಪರಿನಿಂದ ಹೊಟ್ಟೆಗೆ ನೇರ ಇಂಕು ಹಾಕೋದು. ನಮ್ಮ ದೇಶದಲ್ಲಿ ಬಡವರು ಬರೆದದ್ದು ಹೆಚ್ಚಾಗಿ ಇಂಥ ಪೆನ್ನಿನಿಂದಲೇ. ಕೆಡೋ ಭಾಗ ಕಡಿಮೆ, ಇಂಕು ಜಾಸ್ತಿ ಹಿಡೀತದೆ.

ಒಂದು ತಕರಾರು ಮಾತ್ರ ಎಲ್ಲ ಡ್ರಾಪರ್ ಪೆನ್ನಿಗೂ ಇರ್ತದೆ. ಇಂಕು ಅರ್ಧಕ್ಕಿಂತ ಕೆಳಗೆ ಬಂದರೆ ಒಳಗೆ ಗಾಳಿ ಜಾಸ್ತಿ ಆಗ್ತದೆ, ಕೈ ಬಿಸಿಗೆ ಆ ಗಾಳಿ ಹಿಗ್ಗಿ ದೊಡ್ಡ ಹನಿ ಇಂಕನ್ನ ಹೊರಗೆ ನೂಕ್ತದೆ. ಅಪ್ಪನ ಅರ್ಜಿಗಳಲ್ಲಿ ಅಲ್ಲಲ್ಲಿ ದುಂಡನೆ ಕಲೆ ಇರೋದು ಅದಕ್ಕೇ. ಅವರು ಕಲೆಯ ಪಕ್ಕದಿಂದ ಮುಂದಿನ ಅಕ್ಷರ ಬರೆದು ಹೋಗ್ತಿದ್ದರು. ಕಾಗದ ಹರಿದು ಹೊಸದು ತಗೊಳ್ಳೋಕೆ ಮನೇಲಿ ಅಷ್ಟು ಕಾಗದ ಇರಲಿಲ್ಲ.

ಕಾಗದ ಅಂದೆ. ದಾಂಡೇಲಿಯಲ್ಲಿ ಕಾಗದದ ಬರ ಅಂದ್ರೆ ಹೊರಗಿನವರು ನಗ್ತಾರೆ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆ ಆದಾಗಿಂದ ನಮ್ಮೂರು ಕಾಗದದ ಊರು. ಕಾಡಿನ ಬಿದಿರು ಕಾಗದ ಆಗಿ ದೇಶ ಸುತ್ತಿತು. ಅದೇ ಕಾಡಿನ ಅಂಚಲ್ಲಿ ಮೂರು ತಲೆಮಾರು ಬಾಳಿದವರಿಗೆ ಈಗ "ಕಾಗದ ತೋರಿಸು" ಅಂತಾರೆ. ಇದಕ್ಕೆ ಆಮೇಲೆ ಬರ್ತೀನಿ, ಪೆನ್ನು ರಿಪೇರಿಗೆ ಹೊರಟಿದ್ದೇ ಇದರ ಸಲುವಾಗಿ.

ಟ್ರಂಕಿಂದ ತೆಗೆದಾಗ ಪೆನ್ನಿನ ಸ್ಥಿತಿ ಹೀಗಿತ್ತು: ನಿಬ್ಬಿನ ಎರಡು ಸೀಳುಗಳಲ್ಲಿ ಒಂದು ಮುರಿದಿತ್ತು, ಉಳಿದದ್ದು ತುಕ್ಕು. ಕ್ಲಿಪ್ಪು ಇರಲಿಲ್ಲ. ನಿಬ್ಬಿನ ಕೆಳಗಿನ ಫೀಡು, ನಾವು ಸಾಲೆಯಲ್ಲಿ ನಾಲಿಗೆ ಅಂತಿದ್ದದ್ದು, ಒಣಗಿದ ಇಂಕಿನಿಂದ ಕಲ್ಲಾಗಿತ್ತು. ತಿರುಪಿನ ಹಲ್ಲುಗಳ ಮೇಲೆ ಅಪ್ಪ ನೂಲಿಗೆ ಮೇಣ ಹಚ್ಚಿ ಸುತ್ತಿದ್ದರು, ಇಂಕು ಸೋರದ ಹಾಗೆ. ಆ ನೂಲು ಮಾತ್ರ ಗಟ್ಟಿಯಾಗೇ ಇತ್ತು.

ದಾಂಡೇಲಿಯ ಜೆ.ಎನ್. ರೋಡಿನಲ್ಲಿ ಕೇಳಿದೆ. "ನಿಬ್ಬಾ? ಹತ್ತು ರೂಪಾಯಿದು ಜೆಲ್ ಪೆನ್ನು ಒಯ್ಯಿರಿ ಸರ್" ಅಂದರು. ಹಳಿಯಾಳದಲ್ಲೂ ಅದೇ. ಧಾರವಾಡದ ಸುಭಾಸ ರೋಡಿನಲ್ಲಿ ಒಬ್ಬರು ಡ್ರಾಯರ್ ತಳ ಕೆದರಿ ಒಂದು ಚೀನಾ ಪೆನ್ನಿನ ನಿಬ್ಬು ಕೊಟ್ಟರು. ತೂರಿಸಿದರೆ ಗೂಡಿನಲ್ಲಿ ಕಡ್ಡಿ ಅಲ್ಲಾಡಿದ ಹಾಗೆ ಅಲ್ಲಾಡಿತು. ಆಗ ಗೊತ್ತಾಯ್ತು, ನಿಬ್ಬು ಅಂದ್ರೆ ಬರೀ ನಿಬ್ಬಲ್ಲ. ಇಂಥ ಪೆನ್ನಿನಲ್ಲಿ ನಿಬ್ಬು, ನಾಲಿಗೆ ಎರಡನ್ನೂ ಜೋಡಿಸಿ ಹಿಡಿಕೆಯ ತೂತಿಗೆ ಒತ್ತಿ ಕೂರಿಸಿರ್ತಾರೆ. ಅಂಟಿಲ್ಲ, ತಿರುಪಿಲ್ಲ, ಬಿಗುವಿನ ಮೇಲೆ ನಿಂತಿರ್ತದೆ. ನಿಬ್ಬಿನ ಬಾಗು ನಾಲಿಗೆಯ ಬೆನ್ನಿಗೆ ಸರಿಹೊಂದಬೇಕು. ಕೂದಲೆಳೆ ಸಂದು ಬಿಟ್ಟರೂ ಇಂಕು ಬರಲ್ಲ, ಇಲ್ಲಾ ಸುರಿದುಬಿಡ್ತದೆ.

ಈ ನಡುವೆ ಗೆಳೆಯರೊಬ್ಬರು ಬೆಂಗಳೂರಿನ ಒಬ್ಬ ಪೆನ್ನು ಸಂಗ್ರಹಕಾರರ ನಂಬರ್ ಕೊಟ್ಟರು. ಫೋಟೋ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್ ಬಂತು. ಬಹಳ ಸೌಜನ್ಯದ ಮನುಷ್ಯ, ತಿಳಿದವರು. ನನಗೆ ಗೊತ್ತಿಲ್ಲದ ಎಷ್ಟೋ ಹೇಳಿಕೊಟ್ಟರು. ಗಾಂಧಿಯ ಸ್ವದೇಶಿ ಮಾತಿನ ಮೇಲೆ 1930ರ ದಶಕದಲ್ಲಿ ರಾಜಮಂಡ್ರಿಯ ರತ್ನಂ ಪೆನ್ನು ಮಾಡಿದ್ದು, ಹೈದರಾಬಾದಿನ ಡೆಕ್ಕನ್ ಪೆನ್ ಸ್ಟೋರ್ಸ್, ಕೋಲ್ಕತ್ತದಲ್ಲಿ ಪೆನ್ ಹಾಸ್ಪಿಟಲ್ ಅಂತಲೇ ಒಂದು ಅಂಗಡಿ ಇರೋದು, ಕಾನ್ಪುರದಲ್ಲಿ ಇವತ್ತಿಗೂ ನಿಬ್ಬು ತಯಾರಾಗೋದು, ಎಲ್ಲ. ಕೊನೆಗೆ ಅಂದರು: "ಒಂದು ಮಾತು ಕೇಳಿ ಸರ್. ಏನೂ ಮುಟ್ಟಬೇಡಿ. ಮುಟ್ಟಿದ್ರೆ ಒರಿಜಿನಾಲಿಟಿ ಹೋಗುತ್ತೆ. ಹೀಗೇ ಕೊಟ್ಟರೆ ನಾನೇ ತಗೋತೀನಿ."

ಆ ಮನುಷ್ಯ ಕೆಟ್ಟವರಲ್ಲ. ಅವರ ಹವ್ಯಾಸದಲ್ಲಿ ಅದೇ ನಿಯಮ: ಹುಟ್ಟಿದಾಗಿನ ನಿಬ್ಬು, ಹುಟ್ಟಿದಾಗಿನ ಕ್ಲಿಪ್ಪು, ಬೇರೆ ಪೆನ್ನಿನ ಭಾಗ ಬೆರೆತಿರಬಾರದು. ಬೆರೆತಿದ್ದರೆ ಬೆಲೆ ಇಳೀತದೆ. ಅದಕ್ಕೊಂದು ಇಂಗ್ಲಿಷ್ ಹೆಸರೂ ಇದೆಯಂತೆ, ಫ್ರಾಂಕನ್‌ಪೆನ್, ಅಂದ್ರೆ ಹೆಣಗಳ ತುಂಡು ಜೋಡಿಸಿ ಮಾಡಿದ ರಾಕ್ಷಸನ ಹಾಗೆ ತುಂಡು ಜೋಡಿಸಿದ ಪೆನ್ನು. ಫೋನ್ ಇಟ್ಟ ಮೇಲೆ ಒಬ್ಬನೇ ನಕ್ಕೆ. ಮುಟ್ಟಬೇಡಿ, ಬೆರೆಸಬೇಡಿ, ಹುಟ್ಟಿನಿಂದ ಬಂದದ್ದಕ್ಕೇ ಬೆಲೆ. ಈ ಪಾಠ ನಮಗೆ ಪೆನ್ನಿನವರು ಹೇಳಿಕೊಡಬೇಕಾ?

ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರ ಒಂದು ಸಂದಿಯಲ್ಲಿ ಗಡಿಯಾರ, ಲೈಟರ್, ಪೆನ್ನು ರಿಪೇರಿ ಮಾಡೋ ಒಬ್ಬ ಚಾಚಾ ಸಿಕ್ಕರು. ಮರದ ಪೆಟ್ಟಿಗೆ, ಅದರ ಮೇಲೊಂದು ಗಾಜು, ಕೂರೋಕೆ ಸ್ಟೂಲು. ಅಷ್ಟೇ ಅಂಗಡಿ. ಪೆನ್ನು ನೋಡಿ ಮೊದಲು ಕೇಳಿದ್ದು:

"ಇದಕ್ಕ ಯಾರೂ ಕೈ ಹಚ್ಚಿಲ್ಲಲಾ?"

"ಇಲ್ಲ ಚಾಚಾ."

"ಚಲೋ ಆತು. ಫೆವಿಕ್ವಿಕ್ ಹಾಕಿ ಕೆಡಿಸ್ಕೊಂಡು ತರ್ತಾರ ಮಂದಿ."

ಅವರೂ ಒಂದು ಥರ ಮುಟ್ಟಬೇಡಿ ಅಂದ ಹಾಗೇ ಆಯ್ತು. ಆದ್ರೆ ಅದರ ಅರ್ಥ ಬೇರೆ. ಗೊತ್ತಿಲ್ಲದೆ ಮುಟ್ಟಿದರೆ ಗೊತ್ತಿದ್ದವನ ಕೆಲಸ ಕೆಡ್ತದೆ ಅಂತ ಅವರ ಮಾತು.

ತಣ್ಣೀರಲ್ಲಿ ನಿಬ್ಬಿನ ಭಾಗ ಮಾತ್ರ ನೆನೆ ಹಾಕಿದರು. ಬಿಸಿನೀರಲ್ಲಿ ಬಹಳ ಹೊತ್ತು ಬಿಟ್ಟರೆ ಹಳೇ ಎಬೊನೈಟ್ ಬಣ್ಣ ಬಿಡ್ತದಂತೆ. ನೀರು ನೀಲಿ ಆದ ಹಾಗೆಲ್ಲ ಚೆಲ್ಲಿ ಬೇರೆ ನೀರು. "ಮೂರು ದಿನ ಬಿಟ್ಟು ಬಾ" ಅಂದರು. ದಾಂಡೇಲಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬಂದರೆ ಒಂದು ದಿನದ ಕೆಲಸ ಹೋಗ್ತದೆ. ಆದ್ರೂ ಹೋದೆ. ಎರಡನೇ ಸಲ ಪೂರ್ತಿ ಎದುರು ಕೂತು ನೋಡಿದೆ.

ನಿಬ್ಬು, ನಾಲಿಗೆ ಎರಡನ್ನೂ ಒಂದು ರಬ್ಬರ್ ತುಂಡಿನಲ್ಲಿ ಹಿಡಿದು ತಿರುಗಿಸದೆ ನೇರ ಎಳೆದರು. ನಾಲಿಗೆಯ ಸಣ್ಣ ಕಾಲುವೆಗಳನ್ನ ಹಳೇ ಎಕ್ಸ್‌ರೇ ಫಿಲ್ಮಿನ ಚೂರಿನಿಂದ ತೆಗೆದರು. ಲೋಹದ ಬ್ಲೇಡ್ ಹಾಕಿದರೆ ಗೀರಿ ಹೋಗ್ತದೆ ಅಂತ. ಆಮೇಲೆ ಬಂತು ಒಂದು ತಗಡಿನ ಡಬ್ಬಿ. ಸತ್ತ ಪೆನ್ನುಗಳ ಡಬ್ಬಿ ಅದು. ವಿಲ್ಸನ್ ಕ್ಯಾಪು, ಹೀರೋ ಪೆನ್ನಿನ ಹೊಟ್ಟೆ, ಏರ್‌ಮೇಲ್ ಪೆನ್ನಿನ ಹಿಡಿಕೆ, ಹೆಸರಿಲ್ಲದ ನೂರಾರು ಕ್ಲಿಪ್ಪು. ಅದರಲ್ಲಿ ಒಂದು ಹಿತ್ತಾಳೆ ಕ್ಲಿಪ್ಪು ನಮ್ಮ ಕ್ಯಾಪಿಗೆ ಹೊಂದಿತು. ನಿಬ್ಬು ನಾಲ್ಕು ಹಾಕಿ ನಾಲ್ಕೂ ತೆಗೆದರು. ಐದನೇದು, ಪೊಟ್ಟಣದಲ್ಲಿದ್ದ ಹೊಸ ಉಕ್ಕಿನ ನಿಬ್ಬು, ಕೂತಿತು. ಪೂರ್ತಿ ಅಲ್ಲ. ಸ್ವಲ್ಪ ಸಂದು ಇತ್ತು. ಆಗ ನಾಲಿಗೆಯನ್ನ ಕುದಿಯೋ ನೀರಲ್ಲಿ ಒಂದರೆಗಳಿಗೆ ಅದ್ದಿ ನಿಬ್ಬಿಗೆ ಒತ್ತಿ ಹಿಡಿದು ಹಾಗೇ ಆರಿಸಿದರು. ಎಬೊನೈಟ್ ಬಿಸಿಗೆ ಮೆತ್ತಗಾಗಿ, ಆರಿದಾಗ ಆ ಆಕಾರದಲ್ಲೇ ನಿಲ್ತದೆ. "ಪ್ಲಾಸ್ಟಿಕ್ ನಾಲಿಗಿ ಇದ್ದಿದ್ರ ಈ ಆಟ ನಡೀತಿರಲಿಲ್ಲ ಬೇಟಾ. ಇದು ಹಳೇ ಮಾಲ್, ಮಾತು ಕೇಳ್ತದ."

ಹಳೇ ನಾಲಿಗೆ ಹೊಸ ನಿಬ್ಬಿಗೆ ಬಗ್ಗಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನಿಬ್ಬಿನ ಎರಡು ತುದಿ ಒಂದೇ ಮಟ್ಟಕ್ಕೆ ಬರೋ ತನಕ ಉಗುರಿನಿಂದ ತೀಡಿದರು. ತಿರುಪಿನ ಮೇಲಿದ್ದ ನೂಲು ಬಿಚ್ಚುವಾಗ ಕೈ ನಿಲ್ಲಿಸಿದರು.

"ಇದನ್ನ ಯಾರು ಸುತ್ತಿದ್ದು?"

"ನಮ್ಮಪ್ಪ."

"ಸರಿಯಾಗಿ ಸುತ್ಯಾನ. ತಿರುಪಿನ ದಿಕ್ಕು ನೋಡಿ ಸುತ್ಯಾನ."

ಅಪ್ಪನ ಕೆಲಸಕ್ಕೆ ಒಬ್ಬ ಕೆಲಸಗಾರ ಕೊಟ್ಟ ಸರ್ಟಿಫಿಕೇಟು ಇದು. ನೂಲಿನ ಬದಲು ಈಗ ಸಿಲಿಕಾನ್ ಗ್ರೀಸ್ ಹಚ್ಚಿದ್ದಾರೆ. ನೂಲನ್ನ ಚೀಟಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. 250 ಕೇಳಿದರು, 500 ಕೊಟ್ಟೆ. ಬೇಡ ಅಂದರು. ಇಟ್ಟು ಬಂದೆ.

ಈಗ ವಾಪಸ್ ಅರ್ಜಿಗೆ.

ಅರಣ್ಯ ಹಕ್ಕು ಕಾಯ್ದೆ 2006 ಬಗ್ಗೆ ನಮ್ಮ ಜಿಲ್ಲೆಯವರಿಗೆ ವಿವರಿಸೋದು ಬೇಡ. ಹೊರಗಿನ ಗೆಳೆಯರಿಗೆ ಎರಡು ಮಾತು: 2005ರ ಡಿಸೆಂಬರ್ 13ಕ್ಕೆ ಮುಂಚೆಯಿಂದ ಅರಣ್ಯ ಭೂಮಿ ಮೇಲೆ ಬದುಕಿದವರಿಗೆ ಹಕ್ಕು ಕೊಡೋ ಕಾಯ್ದೆ. ಪರಿಶಿಷ್ಟ ಪಂಗಡದವರಿಗೆ ಆ ತಾರೀಖಿನ ಸ್ವಾಧೀನ ಸಾಕು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದರು. ದಲಿತರೂ ಸೇರಿ ಉಳಿದವರು "ಇತರೆ ಪಾರಂಪರಿಕ ಅರಣ್ಯವಾಸಿಗಳು". ಅವರು ಮೂರು ತಲೆಮಾರು, ಅಂದ್ರೆ 75 ವರ್ಷದ ವಾಸ ತೋರಿಸಬೇಕು. ಅಂದ್ರೆ 1930ಕ್ಕೆ ಹೋಗಬೇಕು. 1930ರಲ್ಲಿ ನಮ್ಮವರ ಕೈಲಿ ಯಾವ ಕಾಗದ ಇತ್ತು? ಅಕ್ಷರವೇ ಇರಲಿಲ್ಲ. ಬಾಬಾಸಾಹೇಬರು ನಿಪ್ಪಾಣಿಗೆ ಬಂದು ನಮ್ಮವರಿಗೆ ಓದಿ, ಒಂದಾಗಿ ಅಂತ ಹೇಳಿ ಹೋಗಿದ್ದು 1925ರಲ್ಲಿ. ಐದು ವರ್ಷದೊಳಗೆ ಕಾಡಿನ ಅಂಚಿನ ಕೂಲಿಯವನು ದಾಖಲೆ ಮಾಡಿಸಿಕೊಂಡು ಇಟ್ಟಿರಬೇಕಿತ್ತಾ?

ಅಪ್ಪನ ಟ್ರಂಕಿನಲ್ಲಿ ಪೆನ್ನಿನ ಜತೆ ಅರ್ಜಿಗಳ ನಕಲಿನ ಒಂದು ಗಂಟು ಇತ್ತು. ಇಂಕ್ ಪೆನ್ನಿಗೆ ಕಾರ್ಬನ್ ಕಾಗದ ನಡೆಯಲ್ಲ, ಅಷ್ಟು ಒತ್ತಿದರೆ ನಿಬ್ಬು ಕಾಲು ಅಗಲಿಸ್ತದೆ. ಹಾಗಾಗಿ ಅಪ್ಪ ಪ್ರತಿಯೊಂದನ್ನೂ ಎರಡು ಸಲ ಬರೀತಿದ್ದರು. ಒಂದು ಕಚೇರಿಗೆ, ಒಂದರ ಮೇಲೆ ಸ್ವೀಕರಿಸಿದ ಮುದ್ರೆ ಹಾಕಿಸಿಕೊಂಡು ಮನೆಗೆ. ನಮ್ಮ ಕಡೆಯ ಮಳೆ ನಿಮಗೆ ಗೊತ್ತು. ಹಂಚಿನ ಮನೆ, ಟ್ರಂಕಿಗೆ ತೂತು. ಗಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ. ರಾಯಲ್ ಬ್ಲೂ ಇಂಕಿನಲ್ಲಿ ಬರೆದದ್ದೆಲ್ಲ ತೊಳೆದು ಹೋಗಿದೆ, ಮೋಡದಂಥ ಒಂದು ನೀಲಿ ಕಲೆ ಉಳಿದಿದೆ. ಆ ಅರ್ಜಿ ಯಾರದು, ಯಾವ ಹೆಣ್ಣುಮಗಳದು, ಯಾವ ಬಾವಿಯದು, ಇನ್ನು ಗೊತ್ತಾಗಲ್ಲ. ಬ್ಲೂ-ಬ್ಲ್ಯಾಕ್ ಇಂಕಿನಲ್ಲಿ ಬರೆದವು ಮಾತ್ರ ಇವೆ. ಹಳೇ ಕಚೇರಿ ಇಂಕು ಅದು. ಮಾಚಿಕಾಯಿಯಲ್ಲಿರೋ ಥರದ ಒಗರು, ಕಬ್ಬಿಣದ ಉಪ್ಪು ಸೇರಿಸಿ ಮಾಡ್ತಿದ್ದದ್ದು. ಬರೆದ ಮೇಲೆ ಗಾಳಿ ತಾಗಿ ಕಪ್ಪಾಗಿ ಕಾಗದದ ನಾರಿಗೆ ಕಚ್ಚಿಕೊಳ್ತದೆ, ನೀರಿಗೆ ಹೋಗಲ್ಲ. ಅದರಲ್ಲಿ ಹುಳಿ ಇರೋದರಿಂದ ಉಕ್ಕಿನ ನಿಬ್ಬನ್ನ ತಿಂದುಬಿಡ್ತದೆ. ಅಪ್ಪನ ನಿಬ್ಬು ತುಕ್ಕು ಹಿಡಿದು ಮುರಿದದ್ದು ಯಾಕೆ ಅಂತ ಚಾಚಾ ಹೇಳಿದಾಗ ಗೊತ್ತಾಯ್ತು.

ಉಳಿದ ಹಾಳೆಗಳಲ್ಲಿ ಒಂದು 1974ರದ್ದು. ಕಾಡಂಚಿನ ಒಂದು ಕೇರಿಯ ಮುದುಕರ ಪರವಾಗಿ ಬರೆದದ್ದು. "ನನಗೀಗ ಎಪ್ಪತ್ತರ ಮೇಲೆ ವಯಸ್ಸು, ನನ್ನ ತಂದೆಯ ಕಾಲದಿಂದ ಸದರಿ ಜಾಗೆಯಲ್ಲಿ ರಾಗಿ ಬಿತ್ತಿಕೊಂಡು ಬಂದಿರುತ್ತೇವೆ" ಅಂತ ಇದೆ. ಮೇಲೆ ದುಂಡು ಮುದ್ರೆ, ತಾರೀಖು. ಆ ಮುದುಕರ ಸೊಸೆ ಆಯಿ ಈಗಲೂ ಅದೇ ಜಾಗದಲ್ಲಿ ಇದ್ದಾರೆ, ಎಂಬತ್ತು ದಾಟಿದೆ. ಅವರ ಕ್ಲೇಮು "75 ವರ್ಷದ ಸಾಕ್ಷ್ಯ ಇಲ್ಲ" ಅಂತ ಒಂದು ಹಂತದಲ್ಲಿ ವಾಪಸ್ ಬಂದಿದೆ. ಈಗ ಈ ಹಾಳೆ ಸಿಕ್ಕಿದೆ. ಕಾಯ್ದೆಯ ನಿಯಮ 13ರಲ್ಲಿ ಇನ್ನೊಂದು ಸಾಕ್ಷ್ಯವೂ ಇದೆ, ಬಹಳ ಜನ ಬಳಸೋದೇ ಇಲ್ಲ: ಕ್ಲೇಮುದಾರರಲ್ಲದ ಹಿರಿಯರ ಹೇಳಿಕೆ, ಬರಹ ರೂಪದಲ್ಲಿ. ಸ್ಯಾಟಲೈಟ್ ಫೋಟೋ ಇಲ್ಲ ಅಂತ ಹೇಳಿ ಕಳಿಸೋರಿಗೆ ಈ ನಿಯಮ ತೋರಿಸಿ. ಒಂದೇ ಬಗೆಯ ಸಾಕ್ಷ್ಯ ಸಾಲಲ್ಲ, ಎರಡು ಬೇಕು. ನಮ್ಮ ಹತ್ತಿರ ಈಗ ಎರಡೂ ಆಗ್ತವೆ.

ಹಿರಿಯರ ಹೇಳಿಕೆ ಬರೆದುಕೊಳ್ಳೋಕೆ ಹೋದ ತಿಂಗಳು ಹೋಗಿದ್ದೆ, ಬಾಲ್ ಪೆನ್ನು ಹಿಡಕೊಂಡು. ನೆರೆಕೇರಿಯ ಒಬ್ಬ ಅಜ್ಜ ಮಾತೇ ಆಡಲಿಲ್ಲ. ಹೊಸಬರು ಬಂದು ಬರಕೊಂಡು ಹೋಗ್ತಾರೆ, ಆಮೇಲೆ ಏನೂ ಆಗಲ್ಲ, ಯಾರಿಗೆ ಬೇಕು ಅಂತ ಸುಮ್ಮನಾದರು. ರಿಪೇರಿ ಆದ ಮೇಲೆ ಈ ಪೆನ್ನು ಜೇಬಿಗೆ ಹಾಕ್ಕೊಂಡು ಹೋದೆ. ಬರೆಯೋಕೆ ತೆಗೆದೆ. ಅಜ್ಜ ಕೈ ಚಾಚಿ ಇಸ್ಕೊಂಡು, ತಿರುಗಿಸಿ, ಕ್ಯಾಪಿನ ಕಂದು ತುದಿ ನೋಡಿ, "ಇದು ಮುಲ್ಕಿ ಪಾಸಾದಾವನ ಪೆನ್ನಲ್ಲೇನ? ನೀ ಅವನ ಮಗನೇನ?" ಅಂದರು. ಆಮೇಲೆ ಎರಡು ತಾಸು ಮಾತಾಡಿದರು. ಯಾವ ಮರದ ಕೆಳಗೆ ಯಾರ ಗುಡಿಸಲು, ಯಾವ ವರ್ಷ ಯಾರು ಬಂದು ಕಿತ್ತು ಹಾಕಿದರು, ಮತ್ತೆ ಹೆಂಗೆ ಕಟ್ಟಿದರು. ಆರು ಪುಟ ಆಯ್ತು.

ಅಜ್ಜ ಕ್ಯಾಪು ನೋಡಿ ಗುರುತು ಹಿಡಿದರು. ನಿಬ್ಬು ಹೊಸದು ಅಂತ ಅವರು ಕೇಳಲಿಲ್ಲ.

ಭವನದ ಹುಡುಗನಿಗೆ ಇನ್ನೊಂದು ವಿಷಯ ಹೇಳಬೇಕು. ಸಂವಿಧಾನದ ಇಂಗ್ಲಿಷ್ ಮೂಲಪ್ರತಿ ಕೈಬರಹದ್ದು. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅದನ್ನ 303 ನಂಬರಿನ ನಿಬ್ಬಿನಿಂದ ಬರೆದರು. ಹೋಲ್ಡರಿಗೆ ಸಿಕ್ಕಿಸಿ, ಮಸಿಯಲ್ಲಿ ಅದ್ದಿ ಬರೆಯೋ ನಿಬ್ಬು. ಆ ಒಂದು ಪ್ರತಿಗೆ ನೂರಾರು ನಿಬ್ಬು ಸವೆದವು. ಸಂವಿಧಾನದ ಪ್ರತಿಯನ್ನ ಸಂಸತ್ತಿನಲ್ಲಿ ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನಿಬ್ಬು ಸವೆದಾಗ ಬಿಸಾಕಿ ಇನ್ನೊಂದು ಸಿಕ್ಕಿಸಿ ಬರೆದ ಕಾರಣಕ್ಕೇ ಪೆಟ್ಟಿಗೆಯಲ್ಲಿ ಇಡೋಕೆ ಒಂದು ಸಂವಿಧಾನ ಇದೆ.

ಬಾಬಾಸಾಹೇಬರಿಗೆ ಪೆನ್ನಿನ ಹುಚ್ಚು ಇತ್ತು ಅಂತ ಹತ್ತಿರದಿಂದ ಕಂಡವರು ಬರೆದಿದ್ದಾರೆ. ನಾವು ಪ್ರತಿ ಪುತ್ಥಳಿಯ ಜೇಬಿಗೂ ಒಂದು ಪೆನ್ನು ಇಡ್ತೀವಿ, ಅದರ ಕ್ಲಿಪ್ಪಿಗೆ ಬಂಗಾರದ ಬಣ್ಣ ಬಳಿತೀವಿ. ಬಳೀರಿ, ನಾನೂ ಬಳಿದಿದ್ದೇನೆ. ಆದ್ರೆ ಕಲ್ಲಿನ ಪೆನ್ನಿಗೆ ಮಾತ್ರ ಬಣ್ಣ ಬಳಿದು, ಬರೆಯೋ ಪೆನ್ನನ್ನ ಗಾಜಿನೊಳಗೆ ಇಟ್ಟು ಬೀಗ ಹಾಕೋದು ನನಗೆ ಒಪ್ಪಿಗೆ ಇಲ್ಲ. ಇಷ್ಟು ವರ್ಷ ನಮ್ಮನ್ನ ಪೆನ್ನಿಂದ ದೂರ ಇಟ್ಟವರು ಬೇರೆಯವರು. ಈಗ ನಾವೇ ಯಾಕೆ ದೂರ ಇಡಬೇಕು?

ಇಂಕ್ ಪೆನ್ನು ಅಂದ್ರೆ ಕೆಲವರಿಗೆ ಬಾಲ್ಯದ ಸವಿನೆನಪು. ಹಳೇ ಮೇಷ್ಟ್ರು, ಇಂಕಿನ ವಾಸನೆ, ಶರ್ಟಿನ ಕಲೆ ಅಂತ ಪ್ರಬಂಧ ಬರೀತಾರೆ. ನನಗೆ ಇರೋ ನೆನಪು ಬೇರೆ. ಪರೀಕ್ಷೆಯಲ್ಲಿ ಇಂಕು ಖಾಲಿ ಆದರೆ ಪಕ್ಕದ ಹುಡುಗ ನಮ್ಮ ಪೆನ್ನಿಗೆ ತನ್ನ ಪೆನ್ನು ತಾಗಿಸ್ತಿರಲಿಲ್ಲ. ಬೆಂಚಿನ ಮೇಲೆ ಎರಡು ಹನಿ ಉದುರಿಸ್ತಿದ್ದ. ನಾವು ನಾಲಿಗೆ ತಾಗಿಸಿ ಹೀರಿಕೋಬೇಕು, ಪೆನ್ನಿನ ನಾಲಿಗೆ. ನೀರು ಮೇಲಿಂದ ಸುರಿದ ಹಾಗೇ. ಅವನು ಈಗ ನನ್ನ ಒಳ್ಳೇ ಗೆಳೆಯ, ಇದನ್ನ ಓದ್ತಾನೆ ಕೂಡ. ಅವನಿಗೆ ಅದು ನೆನಪಿಲ್ಲ.

ಇನ್ನೊಂದು ಕಡೆಯಿಂದಲೂ ಆಕ್ಷೇಪ ಬಂತು. ನಮ್ಮದೇ ಹಿರಿಯ ಸಂಗಾತಿಯೊಬ್ಬರು, "ರಿಪೇರಿ, ಕೈಕಸುಬು ಅಂತ ಹೊಗಳ್ತಾ ಕೂತ್ರೆ ನಮ್ಮ ಹುಡುಗರನ್ನ ಮತ್ತೆ ಅಲ್ಲಿಗೇ ಕಳಿಸ್ತೀಯಾ?" ಅಂದರು. ಈ ಮಾತಿಗೆ ತೂಕ ಇದೆ. ನಮ್ಮ ಅಜ್ಜ ಚಪ್ಪಲಿ ಹೊಲೀತಿದ್ದರು. ಅವರ ರಂಪಿಗೆ ಈಗಲೂ ಮನೇಲಿದೆ. ಅಪ್ಪ ಸಾಲೆಗೆ ಹೊರಟ ದಿನ ಅಜ್ಜ ಆ ರಂಪಿಗೆಯನ್ನ ಅಟ್ಟಕ್ಕೆ ಹಾಕಿ "ಇದನ್ನ ನೀ ಮುಟ್ಟಬ್ಯಾಡ" ಅಂದರಂತೆ. ನೋಡಿ, ಮತ್ತೆ ಅದೇ ಶಬ್ದ. ಆದ್ರೆ ಅಜ್ಜನ ಬಾಯಲ್ಲಿ ಅದು ಬಿಡುಗಡೆ. ಹುಟ್ಟಿನ ಮೇಲೆ ಹೇರಿದ ಕಸುಬನ್ನ ಪರಂಪರೆ ಅಂತ ಹಾಡಿ ಹೊಗಳೋರ ಜತೆ ನಾನಿಲ್ಲ. ಹಾಗಂತ ಅಜ್ಜನ ಕೈಯ ಜಾಣತನ ಸುಳ್ಳಾಗಲ್ಲ. ನೂಲಿಗೆ ಮೇಣ ಹಚ್ಚೋದು ಅಪ್ಪನಿಗೆ ಎಲ್ಲಿಂದ ಬಂತು? ಸಾಲೆಯಲ್ಲಿ ಅದನ್ನ ಹೇಳಿಕೊಡಲ್ಲ. ಅಜ್ಜ ಚಪ್ಪಲಿಗೆ ಹೊಲಿಯೋ ದಾರಕ್ಕೆ ಮೇಣ ಹಚ್ಚೋದನ್ನ ನೋಡಿ ನೋಡಿ ಬಂದದ್ದು. ರಂಪಿಗೆ ಬಿಟ್ಟರೂ ಅದು ಕೈಯಲ್ಲಿ ಉಳಿದು ಪೆನ್ನಿಗೆ ಬಂತು. ಸಂಗಾತಿಗೆ ಇಷ್ಟೇ ಹೇಳಿದೆ: ಹುಡುಗರು ರಿಪೇರಿ ಮಾಡೋರಾಗಬೇಕು ಅಂತ ನಾನು ಅನ್ನಲ್ಲ. ರಿಪೇರಿ ಮಾಡೋ ಚಾಚಾನಿಗೆ ಕೊಡೋ ದುಡ್ಡಿನಲ್ಲಿ ಚೌಕಾಸಿ ಮಾಡೋರು ಆಗಬಾರದು.

ಅರ್ಜಿ ಫಾರ್ಮು ತುಂಬೋಕೆ ಬಾಲ್ ಪೆನ್ನೇ ಒಳ್ಳೇದು, ಜಗಳ ಇಲ್ಲ. ಎಣ್ಣೆಯ ಇಂಕು, ನೀರಿಗೆ ಅಷ್ಟು ಬೇಗ ಹೋಗಲ್ಲ, ಕಾರ್ಬನ್ನೂ ನಡೀತದೆ. ಜೆಲ್ ಪೆನ್ನು ಬಳಸೋರು ಮಾತ್ರ ನೋಡಿಕೊಳ್ಳಿ. ಕೆಲವು ಇಂಕು ಒಂದೇ ಮಳೆಗೆ ಹರಡ್ತವೆ. ಬರೆದ ಚೂರು ಕಾಗದವನ್ನ ರಾತ್ರಿ ನೀರಲ್ಲಿ ಹಾಕಿ ಬೆಳಿಗ್ಗೆ ನೋಡಿ, ಅಕ್ಷರ ಇದ್ದರೆ ಆ ಪೆನ್ನಿನಿಂದ ಬರೀರಿ. ಮನೇಲಿ ಹಿರಿಯರ ಹಳೇ ಅರ್ಜಿ, ನಕಲು, ನೋಟೀಸು ಇದ್ದರೆ ಲ್ಯಾಮಿನೇಷನ್ ಮಾಡಿಸಬೇಡಿ. ಮೊದಲು ಫೋಟೋ ತೆಗೆದು ಎರಡು ಕಡೆ ಇಡಿ, ಹಾಳೆಯನ್ನ ಒಣ ಜಾಗದಲ್ಲಿ ಬಿಳಿ ಕಾಗದದ ನಡುವೆ ಇಡಿ. ಹಳೇ ಪೆನ್ನು ಇದ್ದರೆ ತಣ್ಣೀರಲ್ಲಿ ನಿಬ್ಬಿನ ಕಡೆ ಮಾತ್ರ ನೆನೆಹಾಕಿ. ಇಕ್ಕಳ ಹಾಕಬೇಡಿ, ಬೆಂಕಿ ಹತ್ತಿರ ಅಂತೂ ಒಯ್ಯಲೇಬೇಡಿ, ಹಳೇ ಬಣ್ಣಬಣ್ಣದ ಪೆನ್ನುಗಳು ಕೆಲವು ಸೆಲ್ಯುಲಾಯ್ಡ್, ಭಗ್ ಅಂತ ಹತ್ತಿಕೊಳ್ತವೆ. ಹುಬ್ಬಳ್ಳಿ ಚಾಚಾನ ಜಾಗ ಬೇಕಾದವರು ನನಗೆ ಫೋನ್ ಮಾಡಿ. ಅವರ ಬಳಿ ಕಲಿಯೋಕೆ ಯಾರೂ ಇಲ್ಲ, ಡಬ್ಬಿ ತುಂಬಾ ಭಾಗಗಳಿವೆ.

ಭವನದ ಕಪಾಟಿಗೆ ಏನೂ ಕೊಡಲ್ಲ ಅಂತ ಅಲ್ಲ. ಮುರಿದ ನಿಬ್ಬು, ಮೇಣದ ನೂಲು, ತೊಳೆದು ಹೋಗಿ ನೀಲಿ ಕಲೆ ಮಾತ್ರ ಉಳಿದ ಒಂದು ಅರ್ಜಿ ಹಾಳೆ, ಮೂರನ್ನೂ ಮೊನ್ನೆ ಹುಡುಗನ ಕೈಗೆ ಕೊಟ್ಟೆ. ಖಾಲಿ ಹಾಳೆ ಯಾಕೆ ಅಂತ ಕೇಳಿದ. ಕೂರಿಸಿಕೊಂಡು ಹೇಳಿದೆ. ಚೀಟಿಯಲ್ಲಿ ಏನು ಬರೆಯಬೇಕು ಅಂತ ಅವನೇ ಯೋಚಿಸ್ತಿದ್ದಾನೆ.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆಯಿಯ ಕೇರಿಗೆ ಹೋಗ್ತಿದ್ದೇವೆ. ಇನ್ನೂ ನಾಲ್ವರು ಹಿರಿಯರ ಹೇಳಿಕೆ ಬರೆಯೋದಿದೆ, ಆಮೇಲೆ ಎಲ್ಲವನ್ನೂ ಗ್ರಾಮ ಸಭೆಯ ಅರಣ್ಯ ಹಕ್ಕು ಸಮಿತಿ ಮುಂದೆ ಇಡ್ತೀವಿ. ಕೊಂಕಣಿ, ಮರಾಠಿ ಬರೋರು ಇಬ್ಬರು ಬೇಕು, ಒಬ್ಬ ಅಜ್ಜಿಗೆ ಕನ್ನಡ ಅಷ್ಟಾಗಿ ಬರಲ್ಲ. ಬರೆದದ್ದನ್ನ ಅವರಿಗೆ ಓದಿ ಹೇಳಿಯೇ ಹೆಬ್ಬೆಟ್ಟು ಹಾಕಿಸೋದು, ಹಾಗಾಗಿ ನಿಧಾನ ಆಗ್ತದೆ, ಬುತ್ತಿ ಕಟ್ಟಿಕೊಂಡು ಬನ್ನಿ. ಇಂಕಿನ ಬಾಟ್ಲಿ ನನ್ನ ಹತ್ತಿರ ಇದೆ.